ಜೋಡಿ ಠೇವಣಿ (ಕಾಲೇಜು ಪ್ರವೇಶ)

ಜೋಡಿ ಠೇವಣಿ ಎಂದರೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪದವಿ ವ್ಯಾಸಂಗಕ್ಕೆ ಆಯ್ಕೆಯಾದ ವಿದ್ಯಾರ್ಥಿಯು ಏಕಕಾಲದಲ್ಲಿ ಒಂದಕ್ಕಿಂತ ಹೆಚ್ಚು ಕಾಲೇಜುಗಳಿಗೆ ದಾಖಲಾತಿ ಠೇವಣಿ ಕಟ್ಟಿ, ಪ್ರತಿಯೊಂದಕ್ಕೂ ತಾನು ಅಲ್ಲಿಯೇ ಸೇರುವುದಾಗಿ ಒಪ್ಪಿಗೆ ಕೊಡುವ ಕ್ರಮವಾಗಿದೆ. ಇಂಗ್ಲಿಷಿನಲ್ಲಿ ಇದನ್ನು ಡಬಲ್ ಡೆಪಾಸಿಟಿಂಗ್ ಎಂದು ಕರೆಯಲಾಗುತ್ತದೆ. ಇದು ಕಾನೂನಿನ ದೃಷ್ಟಿಯಲ್ಲಿ ಅಪರಾಧವಲ್ಲ. ಆದರೆ ಪ್ರವೇಶ ಅರ್ಜಿಯಲ್ಲಿ ವಿದ್ಯಾರ್ಥಿಯೇ ಸಹಿ ಮಾಡುವ ಘೋಷಣೆಗೆ ಇದು ವಿರುದ್ಧವಾದುದರಿಂದ ಅನೈತಿಕವೆಂದು ಪರಿಗಣಿತವಾಗಿದ್ದು, ಪತ್ತೆಯಾದಲ್ಲಿ ಎಲ್ಲ ಕಾಲೇಜುಗಳೂ ತಮ್ಮ ಪ್ರವೇಶವನ್ನು ಹಿಂತೆಗೆದುಕೊಳ್ಳುವ ಸಾಧ್ಯತೆ ಇರುತ್ತದೆ. ಹಲವು ಕಾಲೇಜುಗಳಿಗೆ ಅರ್ಜಿ ಹಾಕುವುದಾಗಲಿ, ಹಲವು ಕಡೆ ಆಯ್ಕೆಯಾಗುವುದಾಗಲಿ ಜೋಡಿ ಠೇವಣಿ ಅಲ್ಲ. ಹಣ ಕಟ್ಟಿ ಸ್ಥಾನವನ್ನು ಕಾಯ್ದಿರಿಸಿಕೊಂಡಾಗ ಮಾತ್ರ ಈ ಪದ ಅನ್ವಯಿಸುತ್ತದೆ.

ಹಿನ್ನೆಲೆ

ಅಮೆರಿಕದಲ್ಲಿ ಪದವಿ ಪ್ರವೇಶಕ್ಕೆ ಸರ್ಕಾರದ ಕೇಂದ್ರೀಕೃತ ಸೀಟು ಹಂಚಿಕೆ ಇಲ್ಲ. ಪ್ರತಿಯೊಂದು ಕಾಲೇಜೂ ತನ್ನ ಅರ್ಜಿಗಳನ್ನು ತಾನೇ ಪರಿಶೀಲಿಸಿ ತನಗೆ ಬೇಕಾದವರನ್ನು ಆರಿಸಿಕೊಳ್ಳುತ್ತದೆ. ಪಕ್ಕದ ಕಾಲೇಜು ಯಾರನ್ನು ಆರಿಸಿತು ಎಂಬುದು ಅದಕ್ಕೆ ತಿಳಿಯುವುದಿಲ್ಲ. 1975ರಲ್ಲಿ 15 ಕಾಲೇಜುಗಳೊಂದಿಗೆ ಆರಂಭವಾದ ಕಾಮನ್ ಅಪ್ಲಿಕೇಶನ್ ಎಂಬ ಸಮಾನ ಅರ್ಜಿ ವ್ಯವಸ್ಥೆಯಲ್ಲಿ ಇಂದು 1000ಕ್ಕೂ ಹೆಚ್ಚು ಸಂಸ್ಥೆಗಳಿವೆ. ಒಂದೇ ಅರ್ಜಿಯನ್ನು ತುಂಬಿ ಅನೇಕ ಕಾಲೇಜುಗಳಿಗೆ ಕಳುಹಿಸಬಹುದಾದ್ದರಿಂದ, ಪ್ರೌಢಶಾಲೆಯ ಕೊನೆಯ ವರ್ಷದಲ್ಲಿರುವ ವಿದ್ಯಾರ್ಥಿಗೆ ಮಾರ್ಚ್ ಅಂತ್ಯದ ಹೊತ್ತಿಗೆ ಮೂರು ನಾಲ್ಕು ಕಡೆಯಿಂದ ಆಹ್ವಾನ ಬರುವುದು ಅಸಾಮಾನ್ಯವೇನಲ್ಲ.

ಇವುಗಳಲ್ಲಿ ಒಂದನ್ನು ಆರಿಸಲು ಸಾಂಪ್ರದಾಯಿಕವಾಗಿ ಮೇ 1ರವರೆಗೆ ಕಾಲಾವಕಾಶ ನೀಡಲಾಗುತ್ತದೆ. ಎಲ್ಲ ಕಡೆಯ ಫಲಿತಾಂಶ ಮತ್ತು ಆರ್ಥಿಕ ನೆರವಿನ ಪತ್ರಗಳು ಕೈಸೇರಿದ ಬಳಿಕವೇ ವಿದ್ಯಾರ್ಥಿ ನಿರ್ಧರಿಸಲಿ, ಅದಕ್ಕೂ ಮುನ್ನ ಯಾವ ಕಾಲೇಜೂ ಅವಸರಪಡಿಸದಿರಲಿ ಎಂಬುದು ಈ ದಿನಾಂಕದ ಉದ್ದೇಶ. ಅಂದರೆ ಮೇ 1 ಮೂಲತಃ ವಿದ್ಯಾರ್ಥಿಗೆ ನೀಡಿದ ರಕ್ಷಣೆ. ಅದರ ಮರುಮುಖವಾಗಿ, ಆ ದಿನದೊಳಗೆ ವಿದ್ಯಾರ್ಥಿ ಒಂದನ್ನು ಒಪ್ಪಿ ಉಳಿದವನ್ನು ಬಿಟ್ಟುಕೊಡಬೇಕೆಂಬ ನಿರೀಕ್ಷೆ ಹುಟ್ಟಿಕೊಂಡಿತು. ಜೋಡಿ ಠೇವಣಿ ಕಟ್ಟುವವರು ಈ ಒಪ್ಪಂದದ ಮೊದಲ ಅರ್ಧವನ್ನು ಪಡೆದು ಎರಡನೆಯ ಅರ್ಧವನ್ನು ನಿರಾಕರಿಸುತ್ತಾರೆ ಎಂಬುದು ಪ್ರವೇಶಾಧಿಕಾರಿಗಳ ಮುಖ್ಯ ಆಕ್ಷೇಪ.

ಠೇವಣಿಯ ಸ್ವರೂಪ

ದಾಖಲಾತಿ ಠೇವಣಿಯು ಸಾಮಾನ್ಯವಾಗಿ ಕೆಲವು ನೂರು ಡಾಲರುಗಳಷ್ಟಿರುತ್ತದೆ. ವಿದ್ಯಾರ್ಥಿ ಸೇರಿದರೆ ಅದು ಮೊದಲ ಅವಧಿಯ ಶುಲ್ಕಕ್ಕೆ ಜಮೆಯಾಗುತ್ತದೆ. ಸೇರದಿದ್ದರೆ ಬಹುತೇಕ ಕಡೆಗಳಲ್ಲಿ ಮರಳಿ ಸಿಗುವುದಿಲ್ಲ. ಕೆಲವು ಕಾಲೇಜುಗಳು ವಸತಿಗೃಹಕ್ಕೆ ಪ್ರತ್ಯೇಕ ಠೇವಣಿ ಕೇಳುತ್ತವೆ. ಕಡಿಮೆ ಆದಾಯದ ಕುಟುಂಬದವರಿಗೆ ಠೇವಣಿಯಿಂದ ವಿನಾಯಿತಿ ಅಥವಾ ಕಾಲಾವಕಾಶ ನೀಡುವ ಕಾಲೇಜುಗಳೂ ಇವೆ. ಅದಕ್ಕಾಗಿ ಪ್ರವೇಶ ಕಚೇರಿಗೆ ಮುಂಚಿತವಾಗಿ ಮನವಿ ಸಲ್ಲಿಸಬೇಕು.

ವರ್ಷವೊಂದಕ್ಕೆ ಹತ್ತಾರು ಸಾವಿರ ಡಾಲರ್ ಶುಲ್ಕವಿರುವ ಕಡೆ ಈ ಮೊತ್ತ ಅಲ್ಪವೆಂದೇ ಹೇಳಬೇಕು. ಜೋಡಿ ಠೇವಣಿ ಸಾಧ್ಯವಾಗುವುದೂ ಈ ಕಾರಣದಿಂದಲೇ. ಎರಡನೆಯ ಠೇವಣಿಯನ್ನು ಕಳೆದುಕೊಳ್ಳಲು ಸಿದ್ಧವಿರುವ ಕುಟುಂಬವು ಆ ಹಣದಲ್ಲಿ ವಾಸ್ತವವಾಗಿ ಮೂರು ತಿಂಗಳ ಕಾಲಾವಕಾಶವನ್ನು ಖರೀದಿಸುತ್ತದೆ. ಆ ಶಕ್ತಿ ಇಲ್ಲದ ಕುಟುಂಬಕ್ಕೆ ಅಂತಹ ಅವಕಾಶವಿಲ್ಲ. ಈ ಪದ್ಧತಿಯ ವಿರುದ್ಧ ಹೇಳಲಾಗುವ ಮಾತುಗಳಲ್ಲಿ ಹೆಚ್ಚು ತೂಕದ್ದು ಪ್ರಾಯಶಃ ಇದೇ.

ಕಾರಣಗಳು

ವಿದ್ಯಾರ್ಥಿಗಳು ಎರಡು ಕಡೆ ಠೇವಣಿ ಕಟ್ಟಲು ಎಲ್ಲ ಸಂದರ್ಭಗಳಲ್ಲೂ ದುರುದ್ದೇಶವೇ ಕಾರಣವಲ್ಲ. ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಊರು, ವಿಷಯ, ಖರ್ಚು ಎಲ್ಲವನ್ನೂ ಒಟ್ಟಿಗೆ ತೀರ್ಮಾನಿಸಬೇಕಾದಾಗ ಉಂಟಾಗುವ ಗೊಂದಲವೇ ಸಾಮಾನ್ಯ ಕಾರಣ. ಪೋಷಕರು ಒಂದು ಕಾಲೇಜನ್ನೂ ಮಕ್ಕಳು ಇನ್ನೊಂದನ್ನೂ ಬಯಸಿದಾಗ, ಜಗಳವನ್ನು ಆಗಸ್ಟ್‌ವರೆಗೆ ಮುಂದೂಡುವ ಉಪಾಯವಾಗಿ ಎರಡೂ ಕಡೆ ಹಣ ಕಟ್ಟಿದ ನಿದರ್ಶನಗಳನ್ನು ಶಾಲಾ ಮಾರ್ಗದರ್ಶಕರು ಹೇಳುತ್ತಾರೆ.

ಆರ್ಥಿಕ ನೆರವು ಮತ್ತೊಂದು ಪ್ರಮುಖ ಕಾರಣ. ನೆರವಿನ ಮೊತ್ತವನ್ನು ಪುನಃ ಪರಿಶೀಲಿಸುವಂತೆ ಸಲ್ಲಿಸಿದ ಮೇಲ್ಮನವಿಗೆ ಮೇ 1ರೊಳಗೆ ಉತ್ತರ ಬಾರದಿದ್ದರೆ, ಅಗ್ಗದ ಕಾಲೇಜನ್ನು ಕೈಬಿಡಲು ಕುಟುಂಬಕ್ಕೆ ಧೈರ್ಯ ಸಾಲುವುದಿಲ್ಲ. ಇಂತಹ ಸ್ಥಿತಿಯಲ್ಲಿರುವವರಿಗೆ ಕಾಲೇಜಿಗೆ ಪತ್ರ ಬರೆದು ಗಡುವಿನ ವಿಸ್ತರಣೆ ಕೇಳುವ ಮಾರ್ಗ ತೆರೆದಿರುತ್ತದೆ. ಲಿಖಿತವಾಗಿ ವಿಸ್ತರಣೆ ದೊರೆತರೆ ಎರಡನೆಯ ಠೇವಣಿಯ ಅಗತ್ಯವೇ ಬೀಳುವುದಿಲ್ಲ. ಈ ಮಾರ್ಗ ಅನೇಕರಿಗೆ ತಿಳಿದಿರುವುದಿಲ್ಲ.

ಒಂದು ಕಾಲೇಜಿನ ಒಪ್ಪಿಗೆಯನ್ನು ತೋರಿಸಿ ಇನ್ನೊಂದರಿಂದ ಹೆಚ್ಚಿನ ವಿದ್ಯಾರ್ಥಿವೇತನ ಪಡೆಯುವ ಚೌಕಾಸಿಗಾಗಿ, ಇಲ್ಲವೇ ವಸತಿಗೃಹದ ಕೊಠಡಿಯನ್ನು ಬೇಗ ಹಿಡಿದಿಟ್ಟುಕೊಳ್ಳಲು ಹೀಗೆ ಮಾಡುವವರೂ ಇದ್ದಾರೆ.

ಕಾಲೇಜುಗಳ ಮೇಲಿನ ಪರಿಣಾಮ

ಕಾಲೇಜೊಂದು ತನ್ನಲ್ಲಿರುವ ಸ್ಥಾನಗಳಿಗಿಂತ ಬಹಳ ಹೆಚ್ಚು ವಿದ್ಯಾರ್ಥಿಗಳಿಗೆ ಆಹ್ವಾನ ಕಳುಹಿಸುತ್ತದೆ, ಏಕೆಂದರೆ ಆಹ್ವಾನಿತರೆಲ್ಲರೂ ಬರುವುದಿಲ್ಲ. ಆಹ್ವಾನಿತರಲ್ಲಿ ಎಷ್ಟು ಮಂದಿ ಸೇರುತ್ತಾರೆ ಎಂಬ ಪ್ರಮಾಣಕ್ಕೆ ಅಲ್ಲಿ ಯೀಲ್ಡ್ ಎಂಬ ಹೆಸರಿದೆ. ಉದಾಹರಣೆಗೆ 500 ಹೊಸ ವಿದ್ಯಾರ್ಥಿಗಳು ಬೇಕಾಗಿರುವ ಕಾಲೇಜಿನ ಯೀಲ್ಡ್ ಶೇಕಡಾ 25 ಇದ್ದರೆ ಅದು 2000 ಮಂದಿಗೆ ಪತ್ರ ಬರೆಯಬೇಕಾಗುತ್ತದೆ. ಅಂದಾಜು ಶೇಕಡಾ ಎರಡರಷ್ಟು ತಪ್ಪಿದರೂ 40 ಮಂದಿಯ ವ್ಯತ್ಯಾಸವಾಗುತ್ತದೆ. ಶುಲ್ಕವನ್ನೇ ನಂಬಿ ನಡೆಯುವ ಸಣ್ಣ ಖಾಸಗಿ ಕಾಲೇಜಿಗೆ 40 ವಿದ್ಯಾರ್ಥಿಗಳ ಕೊರತೆ ಎಂದರೆ ಅಧ್ಯಾಪಕರ ನೇಮಕಾತಿಗೂ ತಟ್ಟುವ ಪೆಟ್ಟು.

ಮೇ ತಿಂಗಳಲ್ಲಿ ಬಂದ ಠೇವಣಿಗಳ ಸಂಖ್ಯೆಯೇ ತರಗತಿಗಳು, ಕೊಠಡಿಗಳು, ಸಲಹಾ ಸಿಬ್ಬಂದಿ ಮುಂತಾದವುಗಳ ಯೋಜನೆಗೆ ಆಧಾರ. ಜೋಡಿ ಠೇವಣಿಗಳು ಈ ಲೆಕ್ಕವನ್ನು ಹುಸಿಯಾಗಿಸುತ್ತವೆ. ಠೇವಣಿ ಕಟ್ಟಿಯೂ ಶರತ್ಕಾಲದಲ್ಲಿ ತರಗತಿಗೆ ಬಾರದವರ ನಷ್ಟವನ್ನು ‘ಸಮ್ಮರ್ ಮೆಲ್ಟ್’, ಅಂದರೆ ಬೇಸಿಗೆಯ ಕರಗುವಿಕೆ ಎನ್ನುತ್ತಾರೆ. ಆದರೆ ಕರಗಿದವರೆಲ್ಲರೂ ಜೋಡಿ ಠೇವಣಿಯವರಲ್ಲ. ಬೆಂಜಮಿನ್ ಕ್ಯಾಸಲ್‌ಮನ್ ಮತ್ತು ಲಿಂಡ್ಸೆ ಪೇಜ್ 2014ರಲ್ಲಿ ಪ್ರಕಟಿಸಿದ ‘ಸಮ್ಮರ್ ಮೆಲ್ಟ್’ ಎಂಬ ಗ್ರಂಥವು ಇನ್ನೊಂದು ಗುಂಪನ್ನು ಕುರಿತದ್ದು: ಕಾಲೇಜಿಗೆ ಹೋಗುವ ನಿರ್ಧಾರ ಮಾಡಿಯೂ ಅರ್ಜಿ ನಮೂನೆ, ಸಾಲಪತ್ರ, ವಿಮೆ ಮುಂತಾದ ಕಾಗದಪತ್ರಗಳ ತೊಡಕಿನಲ್ಲಿ ಸಿಲುಕಿ ಎಲ್ಲಿಯೂ ಸೇರದೆ ಉಳಿಯುವ, ಬಹುಪಾಲು ಕಡಿಮೆ ಆದಾಯದ ವಿದ್ಯಾರ್ಥಿಗಳು. ಕಾಲೇಜಿನ ದಾಖಲೆಯಲ್ಲಿ ಎರಡೂ ಬಗೆಯವರು ‘ಬಾರದವರು’ ಎಂಬ ಒಂದೇ ಸಾಲಿನಲ್ಲಿ ಕಾಣುತ್ತಾರೆ. ಹೀಗಾಗಿ ಜೋಡಿ ಠೇವಣಿಯ ನಿಖರ ಪ್ರಮಾಣವನ್ನು ಅಳೆಯುವುದು ಕಷ್ಟ.

ಅಂದಾಜು ಇನ್ನೊಂದು ದಿಕ್ಕಿಗೂ ತಪ್ಪಬಹುದು. ಬಾರದವರನ್ನು ಲೆಕ್ಕಹಾಕಿ ಹೆಚ್ಚು ಮಂದಿಯನ್ನು ಆಹ್ವಾನಿಸಿದ ಕಾಲೇಜಿಗೆ ಎಲ್ಲರೂ ಬಂದುಬಿಟ್ಟರೆ ಸ್ಥಳ ಸಾಲುವುದಿಲ್ಲ. 2017ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಅರ್ವೈನ್ ಆವರಣದಲ್ಲಿ, ಯೋಜಿಸಿದ್ದ ಸುಮಾರು 6250 ಸ್ಥಾನಗಳಿಗೆ ಪ್ರತಿಯಾಗಿ ಸುಮಾರು 850 ಮಂದಿ ಹೆಚ್ಚಾಗಿ ಒಪ್ಪಿಗೆ ನೀಡಿದರು. ಶರತ್ಕಾಲದ ತರಗತಿಗಳಿಗೆ ಸುಮಾರು ಎರಡು ತಿಂಗಳಷ್ಟೇ ಬಾಕಿಯಿರುವಾಗ ಸಂಸ್ಥೆಯು ಸುಮಾರು 500 ವಿದ್ಯಾರ್ಥಿಗಳ ಪ್ರವೇಶವನ್ನು ಹಿಂತೆಗೆದುಕೊಂಡಿತು. ಅಂಕಪಟ್ಟಿ ತಡವಾದುದು, ಅಂತಿಮ ಅಂಕಗಳು ಕುಸಿದುದು ಮುಂತಾದವು ಅದು ನೀಡಿದ ಕಾರಣಗಳು. ತೀವ್ರ ಪ್ರತಿಭಟನೆಯ ನಂತರ ಕುಲಪತಿ ಹೊವಾರ್ಡ್ ಗಿಲ್‌ಮನ್ ಕ್ಷಮೆ ಕೋರಿ ಬಹುತೇಕರನ್ನು ಮರಳಿ ಸೇರಿಸಿಕೊಂಡರು. ಅಲ್ಲಿನ ಸಮಸ್ಯೆ ಜೋಡಿ ಠೇವಣಿಯದಲ್ಲ. ಆದರೆ ಯೀಲ್ಡ್ ಎಂಬ ಊಹೆಯ ಮೇಲೆ ಇಡೀ ಪ್ರವೇಶ ಪ್ರಕ್ರಿಯೆ ಹೇಗೆ ನಿಂತಿದೆ, ಅದು ತಪ್ಪಿದಾಗ ಬೆಲೆ ತೆರುವವರು ಯಾರು ಎಂಬುದಕ್ಕೆ ಅದು ಸ್ಪಷ್ಟ ನಿದರ್ಶನ.

ಜೋಡಿ ಠೇವಣಿಯಿಂದ ನೇರವಾಗಿ ನಷ್ಟ ಅನುಭವಿಸುವವರು ಕಾಯುವಿಕೆ ಪಟ್ಟಿಯಲ್ಲಿರುವ ವಿದ್ಯಾರ್ಥಿಗಳು. ಖಾಲಿಯಾಗಬೇಕಾಗಿದ್ದ ಸ್ಥಾನವು ಆಗಸ್ಟ್‌ವರೆಗೆ ತುಂಬಿದಂತೆಯೇ ತೋರುವುದರಿಂದ ಅವರಿಗೆ ಕರೆ ತಡವಾಗಿ ಬರುತ್ತದೆ ಅಥವಾ ಬರುವುದೇ ಇಲ್ಲ. ತಡವಾಗಿ ಕರೆ ಬಂದವರು ಅಷ್ಟರಲ್ಲಿ ಬೇರೆ ಕಡೆ ಹಣ ಕಟ್ಟಿರುತ್ತಾರೆ, ವಿಮಾನದ ಟಿಕೆಟ್ ಕೊಂಡಿರುತ್ತಾರೆ.

ನಿಯಮಗಳು ಮತ್ತು ಜಾರಿ

ಕಾಮನ್ ಅಪ್ಲಿಕೇಶನ್ ಮೂಲಕ ಅರ್ಜಿ ಸಲ್ಲಿಸುವ ಪ್ರತಿಯೊಬ್ಬರೂ ತಾವು ಒಂದೇ ಸಂಸ್ಥೆಗೆ ದಾಖಲಾತಿ ಠೇವಣಿ ಕಳುಹಿಸುವುದಾಗಿಯೂ, ಹೆಚ್ಚು ಕಡೆ ಕಳುಹಿಸಿದರೆ ಎಲ್ಲ ಸಂಸ್ಥೆಗಳ ಪ್ರವೇಶವೂ ರದ್ದಾಗಬಹುದೆಂದು ತಿಳಿದಿರುವುದಾಗಿಯೂ ದೃಢೀಕರಿಸಬೇಕು. ಅರ್ಜಿಯ ಕೊನೆಯ ಪುಟದಲ್ಲಿ ಅವಸರದಿಂದ ಗುರುತು ಹಾಕುವ ಚೌಕಗಳಲ್ಲಿ ಇದೂ ಒಂದಾದ್ದರಿಂದ, ತಾವು ಏನನ್ನು ಒಪ್ಪಿದೆವು ಎಂಬುದು ಎಷ್ಟೋ ವಿದ್ಯಾರ್ಥಿಗಳ ನೆನಪಿನಲ್ಲಿ ಉಳಿಯುವುದಿಲ್ಲ.

ಪ್ರಾಯೋಗಿಕವಾಗಿ ಈ ನಿಯಮವನ್ನು ಕಾಯುವುದು ಕಾಲೇಜುಗಳಿಗಿಂತ ಹೆಚ್ಚಾಗಿ ಪ್ರೌಢಶಾಲೆಗಳು. ವರ್ಷಾಂತ್ಯದ ಅಂತಿಮ ಅಂಕಪಟ್ಟಿಯನ್ನು ವಿದ್ಯಾರ್ಥಿ ಸೇರುವ ಕಾಲೇಜಿಗೆ ಶಾಲೆಯೇ ನೇರವಾಗಿ ಕಳುಹಿಸಬೇಕು. ಅನೇಕ ಶಾಲೆಗಳು ಅದನ್ನು ಒಂದೇ ಒಂದು ಕಾಲೇಜಿಗೆ ಮಾತ್ರ ಕಳುಹಿಸುತ್ತವೆ. ಆದ್ದರಿಂದ ಎರಡನೆಯ ಅಂಕಪಟ್ಟಿ ಕೇಳಿದ ವಿದ್ಯಾರ್ಥಿಯನ್ನು ಮಾರ್ಗದರ್ಶಕರು ಪ್ರಶ್ನಿಸುತ್ತಾರೆ. ಸಾರ್ವಜನಿಕ ಶಾಲೆಗಳಲ್ಲಿ ಒಬ್ಬ ಮಾರ್ಗದರ್ಶಕರ ಕೈಕೆಳಗೆ ನೂರಾರು ವಿದ್ಯಾರ್ಥಿಗಳಿರುವುದರಿಂದ ಈ ಕಾವಲು ಎಲ್ಲೆಡೆ ಸಮಾನವಾಗಿಲ್ಲ.

ಅರ್ಲಿ ಡಿಸಿಷನ್ ಎಂಬ ಮುಂಗಡ ಪ್ರವೇಶ ಕ್ರಮ ಇದಕ್ಕಿಂತ ಬಿಗಿಯಾದುದು. ಅದರಲ್ಲಿ ನವೆಂಬರ್ ಆಸುಪಾಸಿನಲ್ಲಿ ಒಂದೇ ಕಾಲೇಜಿಗೆ ಅರ್ಜಿ ಸಲ್ಲಿಸಿ, ಆಯ್ಕೆಯಾದರೆ ಅಲ್ಲಿಗೇ ಸೇರಿ ಉಳಿದ ಅರ್ಜಿಗಳನ್ನು ಹಿಂಪಡೆಯುವುದಾಗಿ ವಿದ್ಯಾರ್ಥಿ, ಪೋಷಕರು ಮತ್ತು ಶಾಲಾ ಮಾರ್ಗದರ್ಶಕರು ಮೂವರೂ ಸಹಿ ಮಾಡುತ್ತಾರೆ. ಆರ್ಥಿಕ ನೆರವು ಸಾಲದಾದಾಗ ಮಾತ್ರ ಅದರಿಂದ ಬಿಡುಗಡೆ ಪಡೆಯುವುದು ರೂಢಿ. ಕ್ರೀಡಾಪಟುಗಳಿಗೆ 1964ರಿಂದ ಜಾರಿಯಲ್ಲಿದ್ದ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಎಂಬ ಪ್ರತ್ಯೇಕ ಒಪ್ಪಂದವನ್ನು 2024ರ ಅಕ್ಟೋಬರ್‌ನಲ್ಲಿ ರದ್ದುಪಡಿಸಲಾಯಿತು.

ಕಾಯುವಿಕೆ ಪಟ್ಟಿಯ ವಿನಾಯಿತಿ

ಒಂದು ಕಾಲೇಜಿಗೆ ಠೇವಣಿ ಕಟ್ಟಿದ ನಂತರ, ತಾನು ಕಾಯುವಿಕೆ ಪಟ್ಟಿಯಲ್ಲಿದ್ದ ಮತ್ತೊಂದು ಕಾಲೇಜಿನಿಂದ ಕರೆ ಬಂದರೆ ವಿದ್ಯಾರ್ಥಿಯು ಅಲ್ಲಿ ಠೇವಣಿ ಕಟ್ಟಬಹುದು. ಆದರೆ ಮೊದಲ ಕಾಲೇಜಿಗೆ ತಾನು ಬರುವುದಿಲ್ಲವೆಂದು ಕೂಡಲೇ ತಿಳಿಸಬೇಕು. ಮೊದಲ ಠೇವಣಿ ಸಾಮಾನ್ಯವಾಗಿ ಮುಳುಗಿದ ಹಣವೇ. ಇದನ್ನು ಜೋಡಿ ಠೇವಣಿ ಎಂದು ಪರಿಗಣಿಸುವುದಿಲ್ಲ. ಕಾಮನ್ ಅಪ್ಲಿಕೇಶನ್‌ನ ಘೋಷಣೆಯಲ್ಲಿಯೇ ಈ ವಿನಾಯಿತಿ ಇದೆ. ಕಾಯುವಿಕೆ ಪಟ್ಟಿಯಲ್ಲಿ ಹೆಸರು ಉಳಿಸಿಕೊಳ್ಳುವುದಕ್ಕೂ ಮೇ 1ರೊಳಗೆ ಇನ್ನೊಂದು ಕಡೆ ಠೇವಣಿ ಕಟ್ಟುವುದಕ್ಕೂ ಯಾವ ವಿರೋಧವೂ ಇಲ್ಲ. ವಾಸ್ತವವಾಗಿ ಹಾಗೆ ಕಟ್ಟುವುದೇ ಕ್ಷೇಮ, ಏಕೆಂದರೆ ಕಾಯುವಿಕೆ ಪಟ್ಟಿಯಿಂದ ಕರೆ ಬರುವ ಖಾತರಿ ಇರುವುದಿಲ್ಲ.

2019ರ ಬದಲಾವಣೆ

ಪ್ರವೇಶಾಧಿಕಾರಿಗಳು ಮತ್ತು ಶಾಲಾ ಮಾರ್ಗದರ್ಶಕರ ಸಂಘಟನೆಯಾದ ನ್ಯಾಷನಲ್ ಅಸೋಸಿಯೇಷನ್ ಫಾರ್ ಕಾಲೇಜ್ ಅಡ್ಮಿಷನ್ ಕೌನ್ಸೆಲಿಂಗ್ 1937ರಲ್ಲಿ ಸ್ಥಾಪನೆಯಾಯಿತು. ಮೇ 1ರ ಗಡುವಿಗೆ ಬಲ ತುಂಬಿದ್ದು ಬಹುಮಟ್ಟಿಗೆ ಈ ಸಂಘದ ನೀತಿಸಂಹಿತೆ. ಮೇ 1ರ ನಂತರ ಬೇರೊಂದು ಕಾಲೇಜಿಗೆ ಒಪ್ಪಿಗೆ ಕೊಟ್ಟ ವಿದ್ಯಾರ್ಥಿಯನ್ನು ಸೆಳೆಯಲು ಪ್ರಯತ್ನಿಸಬಾರದು, ಅರ್ಲಿ ಡಿಸಿಷನ್ ಅರ್ಜಿದಾರರಿಗೆ ಮಾತ್ರ ವಿಶೇಷ ಆಮಿಷಗಳನ್ನು ಒಡ್ಡಬಾರದು, ಬೇರೆ ಕಾಲೇಜಿನಲ್ಲಿ ಓದುತ್ತಿರುವವರನ್ನು ವರ್ಗಾವಣೆಗೆ ತಾನಾಗಿ ಕರೆಯಬಾರದು ಎಂಬ ನಿಯಮಗಳು ಅದರಲ್ಲಿದ್ದವು.

ಕಾಲೇಜುಗಳು ಪರಸ್ಪರ ಸ್ಪರ್ಧಿಸದಂತೆ ಇವು ತಡೆಯುತ್ತವೆ, ಇದರಿಂದ ವಿದ್ಯಾರ್ಥಿಗಳಿಗೆ ಕಡಿಮೆ ಶುಲ್ಕದ ಅವಕಾಶಗಳು ತಪ್ಪುತ್ತವೆ ಎಂದು ಅಮೆರಿಕದ ನ್ಯಾಯ ಇಲಾಖೆ ಭಾವಿಸಿತು. ಇಲಾಖೆಯ ತನಿಖೆಯ ಒತ್ತಡದಲ್ಲಿ ಸಂಘವು 2019ರ ಸೆಪ್ಟೆಂಬರ್‌ನಲ್ಲಿ ಲೂಯಿವಿಲ್ ನಗರದಲ್ಲಿ ನಡೆದ ಸಮ್ಮೇಳನದಲ್ಲಿ ಈ ಮೂರೂ ನಿಯಮಗಳನ್ನು ತೆಗೆದುಹಾಕಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಇಲಾಖೆಯು ಏಕಸ್ವಾಮ್ಯ ವಿರೋಧಿ ಕಾಯಿದೆಯಡಿ ಮೊಕದ್ದಮೆಯನ್ನೂ ಅದರೊಂದಿಗೆ ರಾಜಿ ಒಪ್ಪಂದವನ್ನೂ ನ್ಯಾಯಾಲಯಕ್ಕೆ ಸಲ್ಲಿಸಿತು. ಮುಂದೆ ನೀತಿಸಂಹಿತೆಯು ಕಡ್ಡಾಯ ನಿಯಮದ ಸ್ಥಾನದಿಂದ ಇಳಿದು ಮಾರ್ಗದರ್ಶಿಯಾಯಿತು.

ಇದರ ಫಲವಾಗಿ ಇಂದು ವಿದ್ಯಾರ್ಥಿಯೊಬ್ಬ ಒಂದು ಕಾಲೇಜಿಗೆ ಠೇವಣಿ ಕಟ್ಟಿದ ಮೇಲೂ ಇನ್ನೊಂದು ಕಾಲೇಜು ಹೆಚ್ಚಿನ ನೆರವು ತೋರಿಸಿ ಆತನನ್ನು ಕರೆಯಬಹುದು. ಆತ ಆ ಕರೆಗೆ ಓಗೊಟ್ಟು, ಮೊದಲ ಕಡೆ ರದ್ದುಪಡಿಸಿ ಹೊರಡುವುದು ಜೋಡಿ ಠೇವಣಿ ಅಲ್ಲ. ಆದರೆ ಮನಸ್ಸು ಬದಲಾಯಿಸುವುದಕ್ಕೂ ಎರಡು ಮನಸ್ಸಿನಲ್ಲಿ ಇರುವುದಕ್ಕೂ ನಡುವೆ ಇದ್ದ ಗೆರೆ ಈ ಬದಲಾವಣೆಯಿಂದ ತೆಳುವಾಯಿತು. ಕಾಲೇಜುಗಳೇ ಮೇ 1ನ್ನು ಮೀರಬಹುದಾದಾಗ ವಿದ್ಯಾರ್ಥಿಗೆ ಮಾತ್ರ ಅದು ಏಕೆ ಅನ್ವಯಿಸಬೇಕು ಎಂಬ ಪ್ರಶ್ನೆಯನ್ನು ಜೋಡಿ ಠೇವಣಿಯ ಸಮರ್ಥಕರು ಎತ್ತುತ್ತಾರೆ. ಕಾಲೇಜುಗಳು ಕಾಯುವಿಕೆ ಪಟ್ಟಿಯ ವಿದ್ಯಾರ್ಥಿಗಳನ್ನು ತಮ್ಮ ಅನುಕೂಲಕ್ಕಾಗಿ ತಿಂಗಳುಗಟ್ಟಲೆ ಕಾಯಿಸುತ್ತವೆ ಎಂಬುದೂ ಅವರ ವಾದ. ಈ ವಾದದಲ್ಲಿ ಹುರುಳಿದೆಯಾದರೂ, ಅರ್ಜಿಯಲ್ಲಿ ಮಾಡಿದ ಘೋಷಣೆಯನ್ನು ಅದು ಅಳಿಸಿಹಾಕುವುದಿಲ್ಲ.

ಗಡುವಿನ ಮುಂದೂಡಿಕೆಗಳು

2020ರಲ್ಲಿ ಕೋವಿಡ್ ಸಾಂಕ್ರಾಮಿಕದ ಕಾರಣ ಕಾಲೇಜು ಆವರಣಗಳು ಮುಚ್ಚಿ ಕುಟುಂಬಗಳ ಆದಾಯ ಅನಿಶ್ಚಿತವಾದಾಗ ಅನೇಕ ಕಾಲೇಜುಗಳು ಗಡುವನ್ನು ಜೂನ್ 1ಕ್ಕೆ ಮುಂದೂಡಿದವು. 2024ರಲ್ಲಿ ಮತ್ತೊಮ್ಮೆ ಹಾಗಾಯಿತು. ಸಾಮಾನ್ಯವಾಗಿ ಅಕ್ಟೋಬರ್ 1ರಂದು ತೆರೆಯುತ್ತಿದ್ದ ಒಕ್ಕೂಟ ಸರ್ಕಾರದ ಆರ್ಥಿಕ ನೆರವಿನ ಅರ್ಜಿಯು ಪರಿಷ್ಕರಣೆಯ ಗೊಂದಲದಿಂದ 2023ರ ಡಿಸೆಂಬರ್ ಅಂತ್ಯದಲ್ಲಿ ತೆರೆಯಿತು; ಅದರ ಮಾಹಿತಿ ಕಾಲೇಜುಗಳಿಗೆ ತಲುಪಿದ್ದು ಮಾರ್ಚ್‌ನಲ್ಲಿ. ಹಲವು ಕಾಲೇಜುಗಳು ಮೇ 15 ಅಥವಾ ಜೂನ್ 1ರವರೆಗೆ ಕಾದವು, ಇನ್ನು ಕೆಲವು ಮೇ 1ಕ್ಕೇ ಅಂಟಿಕೊಂಡವು. ಒಂದು ಕಡೆಯ ಗಡುವು ಮುಗಿಯುವಾಗ ಇನ್ನೊಂದು ಕಡೆಯ ನೆರವಿನ ಪತ್ರವೇ ಬಂದಿರದ ಸ್ಥಿತಿಯಲ್ಲಿ ‘ಒಂದನ್ನೇ ಆರಿಸು’ ಎಂಬ ನಿಯಮವನ್ನು ಪಾಲಿಸುವುದು ಪ್ರಾಮಾಣಿಕರಿಗೂ ಕಠಿಣವಾಯಿತು.

ವಿದೇಶಿ ವಿದ್ಯಾರ್ಥಿಗಳು

ಭಾರತದಿಂದ ಹೋಗುವವರಿಗೆ ಠೇವಣಿಯೊಂದಿಗೆ ವೀಸಾ ಪ್ರಕ್ರಿಯೆಯೂ ತಳಕುಹಾಕಿಕೊಂಡಿರುತ್ತದೆ. ಕೆಲವು ವಿಶ್ವವಿದ್ಯಾಲಯಗಳು ಠೇವಣಿ ಕಟ್ಟಿದ ಬಳಿಕವೇ ಐ-20 ಎಂಬ ಅರ್ಹತಾ ಪತ್ರವನ್ನು ನೀಡುತ್ತವೆ. ಹಲವು ಕಡೆ ಆಯ್ಕೆಯಾದವರ ಕೈಯಲ್ಲಿ ಒಂದಕ್ಕಿಂತ ಹೆಚ್ಚು ಐ-20 ಇರುವುದು ತಪ್ಪಲ್ಲ. ಆದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಸೆವಿಸ್ ಸಂಖ್ಯೆ ಇರುತ್ತದೆ. 350 ಡಾಲರ್‌ಗಳ ಸೆವಿಸ್ ಶುಲ್ಕವನ್ನು ತಾನು ಸೇರುವ ಸಂಸ್ಥೆಯ ಸಂಖ್ಯೆಗೆ ಕಟ್ಟಿ, ಅದೇ ಪತ್ರದೊಂದಿಗೆ ಎಫ್-1 ವೀಸಾ ಸಂದರ್ಶನಕ್ಕೆ ಹಾಜರಾಗಬೇಕು. ಅನಂತರ ಸಂಸ್ಥೆ ಬದಲಾದರೆ ಕಟ್ಟಿದ ಶುಲ್ಕವನ್ನು ಹೊಸ ಸಂಖ್ಯೆಗೆ ವರ್ಗಾಯಿಸಿಕೊಳ್ಳಲು ಅವಕಾಶವಿದೆ. ದೇಶವನ್ನು ಪ್ರವೇಶಿಸುವಾಗ ತೋರಿಸಿದ ಪತ್ರ ಯಾವ ಸಂಸ್ಥೆಯದೋ ಅಲ್ಲಿಯೇ ವರದಿ ಮಾಡಿಕೊಳ್ಳಬೇಕಾದುದರಿಂದ, ಅಮೆರಿಕದ ವಿದ್ಯಾರ್ಥಿಯಂತೆ ಆಗಸ್ಟ್‌ವರೆಗೆ ಎರಡು ದೋಣಿಯಲ್ಲಿ ಕಾಲಿಡುವುದು ಇವರಿಗೆ ಸಾಧ್ಯವಿಲ್ಲ. ಬೆಂಗಳೂರಿನಿಂದ ಸ್ನಾತಕೋತ್ತರ ವ್ಯಾಸಂಗಕ್ಕೆ ಹೊರಡುವವರು ಠೇವಣಿಯ ಮೊತ್ತವನ್ನು ರೂಪಾಯಿಗೆ ಪರಿವರ್ತಿಸಿ ನೋಡಿದರೆ ಅದು ಅಲ್ಪವೆಂದು ತೋರುವುದೂ ಇಲ್ಲ.

ಇತರ ವ್ಯವಸ್ಥೆಗಳು

ಬ್ರಿಟನ್ನಿನಲ್ಲಿ ಪದವಿ ಪ್ರವೇಶವು ಯುಕಾಸ್ ಎಂಬ ಒಂದೇ ಸಂಸ್ಥೆಯ ಮೂಲಕ ನಡೆಯುತ್ತದೆ. ವಿದ್ಯಾರ್ಥಿಯು ಐದು ಆಯ್ಕೆಗಳವರೆಗೆ ಅರ್ಜಿ ಸಲ್ಲಿಸಿ, ಬಂದ ಆಹ್ವಾನಗಳಲ್ಲಿ ಒಂದನ್ನು ದೃಢ ಆಯ್ಕೆಯಾಗಿಯೂ ಇನ್ನೊಂದನ್ನು ವಿಮಾ ಆಯ್ಕೆಯಾಗಿಯೂ ಇಟ್ಟುಕೊಳ್ಳಬಹುದು. ಅಂತಿಮ ಪರೀಕ್ಷೆಯ ಅಂಕಗಳು ದೃಢ ಆಯ್ಕೆಗೆ ಸಾಲದಾದರೆ ವಿಮಾ ಆಯ್ಕೆ ಉಪಯೋಗಕ್ಕೆ ಬರುತ್ತದೆ. ಅಂದರೆ ಅಮೆರಿಕದಲ್ಲಿ ನಿಷಿದ್ಧವೆನಿಸಿದ ಎರಡನೆಯ ಆಸರೆಯನ್ನು ಅಲ್ಲಿ ವ್ಯವಸ್ಥೆಯೇ ಬಹಿರಂಗವಾಗಿ ಒದಗಿಸಿದೆ.

ಕರ್ನಾಟಕದಲ್ಲಿ ಸಿಇಟಿ ಮೂಲಕ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಹಂಚಿಕೆಯ ನಂತರ ನಾಲ್ಕು ಆಯ್ಕೆಗಳನ್ನು ನೀಡುತ್ತದೆ: ಸೀಟನ್ನು ಒಪ್ಪಿ ಸೇರುವುದು, ಒಪ್ಪಿದರೂ ಮೇಲಿನ ಆಯ್ಕೆಗಾಗಿ ಮುಂದಿನ ಸುತ್ತಿಗೆ ಕಾಯುವುದು, ಒಪ್ಪದೆ ಮುಂದಿನ ಸುತ್ತಿಗೆ ಹೋಗುವುದು, ಪ್ರಕ್ರಿಯೆಯಿಂದಲೇ ಹೊರಬರುವುದು. ಒಂದೇ ಕೇಂದ್ರದಿಂದ ಹಂಚಿಕೆಯಾಗುವುದರಿಂದ ಅದರೊಳಗೆ ಎರಡು ಸೀಟು ಹಿಡಿಯುವುದು ಅಸಾಧ್ಯ. ಆದರೆ ಕಾಮೆಡ್-ಕೆ, ಐಐಟಿ ಹಾಗೂ ಎನ್‌ಐಟಿಗಳ ಜೋಸಾ ಹಂಚಿಕೆ, ಖಾಸಗಿ ವಿಶ್ವವಿದ್ಯಾಲಯಗಳು ಪ್ರತ್ಯೇಕವಾಗಿ ನಡೆಯುವುದರಿಂದ ಅವುಗಳ ನಡುವೆ ಸೀಟು ಕಾಯ್ದಿರಿಸಿಕೊಳ್ಳುವುದು ಸಾಮಾನ್ಯ. ಇಂತಹ ವೈಯಕ್ತಿಕ ಕಾಯ್ದಿರಿಸುವಿಕೆಯನ್ನು ‘ಸೀಟ್ ಬ್ಲಾಕಿಂಗ್’ ಎಂಬ ವ್ಯವಸ್ಥಿತ ವಂಚನೆಯಿಂದ ಬೇರ್ಪಡಿಸಿ ನೋಡಬೇಕು. ಸೇರುವ ಉದ್ದೇಶವಿಲ್ಲದವರ ಹೆಸರಿನಲ್ಲಿ ಬೇಡಿಕೆಯ ಸೀಟುಗಳನ್ನು ಹಿಡಿದು, ಕೊನೆಗೆ ಖಾಲಿ ಬಿಟ್ಟು ಆಡಳಿತ ಮಂಡಳಿಯ ಪಾಲಿಗೆ ಒದಗಿಸಲಾಗುತ್ತದೆ ಎಂಬ ಆರೋಪದ ಮೇಲೆ 2024ರ ನವೆಂಬರ್‌ನಲ್ಲಿ ಪ್ರಾಧಿಕಾರವೇ ಬೆಂಗಳೂರಿನಲ್ಲಿ ಪೊಲೀಸರಿಗೆ ದೂರು ನೀಡಿತು.

ಬಿಟ್ಟುಹೋಗುವ ವಿದ್ಯಾರ್ಥಿಗೆ ಶುಲ್ಕ ಮರುಪಾವತಿಸುವ ಬಗ್ಗೆ ಭಾರತದಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ಅಧಿಸೂಚನೆ ಇದೆ. ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಹಿಂದೆ ಸರಿದರೆ ಶೇಕಡಾ 100ರಷ್ಟು ಶುಲ್ಕವನ್ನು ಹಿಂದಿರುಗಿಸಬೇಕು. ಅದರಲ್ಲಿ ಸಂಸ್ಕರಣಾ ವೆಚ್ಚವೆಂದು ಶೇಕಡಾ 5ನ್ನು, ಗರಿಷ್ಠ 5000 ರೂಪಾಯಿಗೆ ಮೀರದಂತೆ, ಹಿಡಿದುಕೊಳ್ಳಬಹುದು. ಅನಂತರ ಪ್ರಮಾಣ ಹಂತಹಂತವಾಗಿ ಇಳಿದು, ಕೊನೆಯ ದಿನಾಂಕ ಕಳೆದು 30 ದಿನಗಳ ಮೇಲೆ ಏನೂ ಸಿಗುವುದಿಲ್ಲ. ಮೂಲ ಪ್ರಮಾಣಪತ್ರಗಳನ್ನು ಸಂಸ್ಥೆಗಳು ಒತ್ತೆಯಾಗಿ ಇಟ್ಟುಕೊಳ್ಳುವಂತಿಲ್ಲ ಎಂದೂ ಅದೇ ಅಧಿಸೂಚನೆ ಹೇಳುತ್ತದೆ. ಏಕಕಾಲದಲ್ಲಿ ಎರಡು ಪದವಿಗಳನ್ನು ಓದಲು ಆಯೋಗವು 2022ರ ಏಪ್ರಿಲ್‌ನಲ್ಲಿ ನೀಡಿದ ಅನುಮತಿಗೂ ಈ ವಿಷಯಕ್ಕೂ ಸಂಬಂಧವಿಲ್ಲ. ಅಲ್ಲಿ ವಿದ್ಯಾರ್ಥಿ ಎರಡು ಕಡೆಯೂ ನಿಜವಾಗಿ ಓದುತ್ತಾನೆ, ತರಗತಿಯ ವೇಳೆಗಳು ಒಂದರ ಮೇಲೊಂದು ಬೀಳಬಾರದು ಎಂಬುದಷ್ಟೇ ನಿಬಂಧನೆ.